ಬಣ್ಣ ಕೊನೆಗೆ: ಹಳೇ ಫೈಬರ್ ಮೋಟಾರು ದೋಣಿಯನ್ನು ಮನೆಯಂಗಳದಲ್ಲೇ ಸರಿಮಾಡಿಕೊಳ್ಳುವುದು ಹೇಗೆ?

ಆ ಡಿಸೆಂಬರಿನಲ್ಲಿ ನಾನು ಕೊಂಡ ದೋಣಿ 15 ಅಡಿಯದು. ಪಂಚಗಂಗಾವಳಿ ಹೊಳೆಬದಿಯ ತೆಂಗಿನ ತೋಟದಲ್ಲಿ ಆರು ಮಳೆಗಾಲ ಬಾಯಿ ತೆರೆದುಕೊಂಡು ಬಿದ್ದಿತ್ತು. ಒಳಗೆ ಒಣಗಿದ ಮಡಲು, ಕೊಳೆತ ಕಾಯಿ, ಅದರಡಿ ಕಪ್ಪೆ ಸಂಸಾರ. ಮಾರಿದವರು "ಎರಡು ಕೋಟ್ ಬಣ್ಣ ಹೊಡೆದ್ರೆ ಹೊಸತೇ ಬಿಡಿ" ಅಂದರು. ನಾನೂ ನಂಬಿ ಒಂದು ಡಬ್ಬಿ ಬಣ್ಣ ತಂದಿಟ್ಟೆ. ಗಂಗೊಳ್ಳಿಯಲ್ಲಿ ಬಹಳ ವರ್ಷ ಫೈಬರ್ ಕೆಲಸ ಮಾಡಿದ, ನಾನು ಅಣ್ಣ ಎಂದೇ ಕರೆಯುವ ಹಿರಿಯರೊಬ್ಬರು ಬಂದು ಆ ಡಬ್ಬಿ ನೋಡಿ ನಕ್ಕರು. "ಹ್ವಾಯ್, ಬಣ್ಣ ಬಳ್ದ್ ಎಂತ ಮಾಡ್ತ್ರಿ? ಮೊದ್ಲ್ ತಟ್ಟಿ ಕಾಣಿ" ಅನ್ನುತ್ತಾ ಸುತ್ತಿಗೆಯ ಹಿಡಿಯಿಂದ ಎಂಜಿನ್ ಕೂರುವ ಹಿಂಗೋಡೆಗೆ ಬಡಿದರು. ಗಟ್ಟಿ ಫೈಬರ್ ಆದರೆ 'ಟಕ್' ಅನ್ನಬೇಕು. ಇದು ಹಣ್ಣಾದ ಹಲಸಿಗೆ ಬಡಿದ ಹಾಗೆ 'ಬೊದ್' ಅಂದಿತು.

ಆ ಬಣ್ಣದ ಡಬ್ಬಿ ಏಪ್ರಿಲ್ ತನಕ ಮುಚ್ಚಿಯೇ ಇತ್ತು.

ಫೈಬರ್, ಅಂದರೆ ರೆಸಿನ್ ಎಂಬ ಅಂಟುದ್ರವದಲ್ಲಿ ನೆನೆದು ಗಟ್ಟಿಯಾದ ಗಾಜಿನ ನಾರು, ಕೊಳೆಯುವುದಿಲ್ಲ, ತುಕ್ಕು ಹಿಡಿಯುವುದಿಲ್ಲ ಎಂಬುದು ನಿಜ. ಕೊಳೆಯುವುದು ಫೈಬರಿನ ಒಳಗೆ ಹುದುಗಿಸಿದ ಮರ. ಮರಕ್ಕೆ ನೀರು ಹೋಗುವ ದಾರಿ ಹೆಚ್ಚಿನ ಸಲ ದೊಡ್ಡ ಬಿರುಕಲ್ಲ, ಯಾರೋ ಅವಸರದಲ್ಲಿ ಹೊಡೆದು ಬಿಟ್ಟ ಸ್ಕ್ರೂ ತೂತು. ಹಾಗಾಗಿ ಇಲ್ಲಿ ಹೇಳುವ ಕೆಲಸವೆಲ್ಲ ಮೂರೇ ಮಾತು: ಒಳಗಿನ ನೀರು ಹೊರಗೆ ತೆಗೆಯುವುದು, ಪೂರ್ತಿ ಒಣಗಿಸುವುದು, ಮತ್ತೆ ಒಳಗೆ ಹೋಗದ ಹಾಗೆ ಮುಚ್ಚುವುದು.

ದುಡ್ಡು ಕೊಡುವ ಮೊದಲು

ಒಂದು ಚಿಕ್ಕ ಸುತ್ತಿಗೆ ಅಥವಾ ದಪ್ಪ ನಾಣ್ಯ ಹಿಡಿದು ದೋಣಿಯ ಮೈಯೆಲ್ಲ ಗೇಣಿಗೊಂದು ಸಲ ತಟ್ಟುತ್ತಾ ಹೋಗಿ. ಶಬ್ದ ಬದಲಾದಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ. ಹಿಂಗೋಡೆಯನ್ನು (ಬೋಟಿನವರು ಟ್ರಾನ್ಸಮ್ ಅನ್ನುತ್ತಾರೆ) ಎರಡು ಸಲ ತಟ್ಟಿ. ಎಂಜಿನ್ ಇದ್ದರೆ ಅದರ ಕೆಳತುದಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಎಂಜಿನ್ ಜೊತೆ ಹಿಂಗೋಡೆಯೂ ಬಾಗಿದರೆ ಒಳಗಿನ ಪ್ಲೈವುಡ್ ಹೋಗಿದೆ ಎಂದೇ ಲೆಕ್ಕ. ಒಳಗೆ ನಿಂತು ಹಿಮ್ಮಡಿ ಒತ್ತಿ ನಡೆಯಿರಿ, ನೆಲ ಹಾಸಿಗೆಯ ಹಾಗೆ ಮೆತ್ತಗಾದಲ್ಲಿ ಗುರುತು ಹಾಕಿ.

ಹೊರಮೈಯ ಹೊಳಪು ಪದರ, ಅಂದರೆ ಜೆಲ್‌ಕೋಟ್ ಮೇಲಿನ ಬಿರುಕುಗಳು ತಮ್ಮ ಕತೆ ತಾವೇ ಹೇಳುತ್ತವೆ. ಜೇಡರ ಬಲೆಯಂತೆ ಒಂದು ಬಿಂದುವಿನಿಂದ ಸುತ್ತ ಹರಡಿದ್ದರೆ ಅಲ್ಲಿ ಕಲ್ಲೋ ಕಂಬವೋ ತಾಗಿದೆ. ಸಾಲಾಗಿ ಸಮಾನಾಂತರವಾಗಿ ಬಿದ್ದಿದ್ದರೆ ಆ ಜಾಗ ಓಡುವಾಗ ಬಾಗುತ್ತಿದೆ ಎಂದರ್ಥ. ಮೊದಲನೆಯದು ಮೇಲ್ಮೈಯ ಗಾಯ, ಎರಡನೆಯದಕ್ಕೆ ಒಳಗಿನಿಂದ ಬಲ ಕೊಡದೆ ಮೇಲೆ ಎಷ್ಟು ತುಂಬಿದರೂ ಮತ್ತೆ ಸೀಳುತ್ತದೆ. ತಳದಲ್ಲಿ ಬೆವರುಸಾಲೆಯಂಥ ಗುಳ್ಳೆಗಳಿದ್ದರೆ ಒಂದನ್ನು ಚುಚ್ಚಿ ನೋಡಿ (ಕಣ್ಣಿಗೆ ಸಿಡಿಯದಂತೆ, ಕನ್ನಡಕ ಹಾಕಿಕೊಂಡು). ಒಳಗಿನ ರಸ ವಿನೆಗರ್ ವಾಸನೆ ಬಂದರೆ ಪದರದೊಳಗೆ ನೀರು ಸೇರಿ ರೆಸಿನ್ನಿನ ಜೊತೆ ಸೇರಿಕೊಂಡಿದೆ. ಹತ್ತಿಪ್ಪತ್ತು ಗುಳ್ಳೆ ಇದ್ದರೆ ಕೆರೆದು ಸರಿಮಾಡಬಹುದು. ತಳವೆಲ್ಲ ಅದೇ ಆಗಿದ್ದರೆ ಆ ದೋಣಿ ಬಿಟ್ಟುಬಿಡಿ, ಪುಕ್ಕಟೆ ಕೊಟ್ಟರೂ.

ಕಾಗದಪತ್ರವನ್ನೂ ಅಷ್ಟೇ ಗಟ್ಟಿಯಾಗಿ ತಟ್ಟಿ ನೋಡಬೇಕು. ಮೀನುಗಾರಿಕೆ ದೋಣಿಯಾದರೆ ಮೀನುಗಾರಿಕೆ ಇಲಾಖೆಯ ನೋಂದಣಿ ಯಾರ ಹೆಸರಲ್ಲಿದೆ ಎಂದು ಕೇಳಿ. ಹೊಳೆ, ಹಿನ್ನೀರಿನಲ್ಲಿ ಓಡಿಸುವ ಎಂಜಿನ್ ದೋಣಿಗಳಿಗೆ 2021ರ ಒಳನಾಡು ಹಡಗುಗಳ ಕಾಯ್ದೆ ಇದೆ. ದೋಣಿ ರೆಡಿಯಾದ ಮೇಲೆ ಹೋಗಿ ಕೇಳುವುದಕ್ಕಿಂತ ಕೊಳ್ಳುವ ಮೊದಲೇ ಕಚೇರಿಗೆ ಒಂದು ಸಲ ಹೋಗಿ ಬನ್ನಿ.

ಕಾಲ, ಜಾಗ, ಮೈಗಾಪು

ಕರಾವಳಿಯಲ್ಲಿ ಈ ಕೆಲಸಕ್ಕೆ ಜನವರಿಯಿಂದ ಏಪ್ರಿಲ್ ಒಳ್ಳೆಯದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ ಇರುವುದರಿಂದ ದೊಡ್ಡ ಬೋಟುಗಳ ರಿಪೇರಿ ಆಗುವುದು ಆಗಲೇ. ಆದರೆ ಅವರಿಗೆ ಶೆಡ್ಡು ಇದೆ, ಆಳಿದ್ದಾರೆ, ಬೇರೆ ದಾರಿಯೂ ಇಲ್ಲ. ನಮಗೆ ಆ ಒತ್ತಡ ಇಲ್ಲ. ತೇವದ ಗಾಳಿ ರೆಸಿನ್ನಿಗೂ ಬಣ್ಣಕ್ಕೂ ಶತ್ರು. ಇನ್ನೊಂದು ಲಾಭವೂ ಇದೆ: ಬೇಸಿಗೆಯಲ್ಲಿ ಫೈಬರ್ ಕೆಲಸದವರಿಗೆ ಅಷ್ಟು ಗಡಿಬಿಡಿ ಇರುವುದಿಲ್ಲ, ಕರೆದರೆ ಬಂದು ನೋಡಿ ಹೋಗುತ್ತಾರೆ.

ಮೇಲೆ ಟಾರ್ಪಾಲು, ನಾಲ್ಕೂ ಕಡೆ ಗಾಳಿ. ಇಷ್ಟು ಸಾಕು. ದೋಣಿಯನ್ನು ಹಳೇ ಲಾರಿ ಟಯರಿನ ಮೇಲೆ, ತಳದ ನಡುವಿನ ಉದ್ದ ಉಬ್ಬಿಗೆ ಭಾರ ಬರುವಂತೆ ಕೂರಿಸಿ. ಬರೀ ಎರಡು ತುದಿಗೆ ಕಲ್ಲು ಕೊಟ್ಟರೆ ನಡು ಜಗ್ಗುತ್ತದೆ, ಜಗ್ಗಿದ ಸ್ಥಿತಿಯಲ್ಲೇ ನೀವು ಒಳಗೆ ಹೊಸ ಪದರ ಹಾಕಿದರೆ ಆ ಡೊಂಕು ಶಾಶ್ವತ. ನೆಲ ಬಿಚ್ಚುವ ಮೊದಲು ಇದನ್ನು ನೋಡಿಕೊಳ್ಳಬೇಕು.

ಮೈಗಾಪಿನ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಗ್ರೈಂಡರ್ ಹಿಡಿದಾಗ ಏಳುವ ಗಾಜಿನ ಹುಡಿ ಚರ್ಮಕ್ಕೆ ತಾಗಿದರೆ ನಸಗುನ್ನಿ ತಾಗಿದ ಹಾಗೆ. ಉದ್ದ ತೋಳಿನ ಅಂಗಿ, ಕೈಗವಸು, ಸುತ್ತ ಮುಚ್ಚಿದ ಕನ್ನಡಕ ಬೇಕೇ ಬೇಕು. ಕೆಲಸ ಮುಗಿದ ಮೇಲೆ ತಣ್ಣೀರಿನಲ್ಲಿ ಸ್ನಾನ ಮಾಡಿ, ಉಜ್ಜಬೇಡಿ. ಹುಡಿಗೆ ಎನ್95 ಮಾಸ್ಕ್ ಸರಿ, ಆದರೆ ರೆಸಿನ್ ವಾಸನೆಯನ್ನು ಅದು ತಡೆಯುವುದಿಲ್ಲ. ಅದಕ್ಕೆ ಇದ್ದಿಲಿನ ಕಾರ್ಟ್ರಿಜ್ ಹಾಕುವ ಮಾಸ್ಕ್ ಬೇರೆಯೇ ಸಿಗುತ್ತದೆ. ಬೀಡಿ, ಸಿಗರೇಟು, ಒಲೆ ಎಲ್ಲ ದೂರ.

ಬಿಚ್ಚಿ, ಒಣಗಿಸಿ

ಮೊದಲು ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ಎಂಜಿನ್ ಎಷ್ಟು ಎತ್ತರದಲ್ಲಿ ಕೂತಿತ್ತು, ಯಾವ ಬೋಲ್ಟು ಎಲ್ಲಿ, ವಯರು ಯಾವ ದಾರಿ ಎನ್ನುವುದನ್ನೆಲ್ಲ ಮೂರು ತಿಂಗಳ ಮೇಲೆ ನೆನಪಿನಿಂದ ತೆಗೆಯಲು ಹೋದರೆ ಆಗುವುದಿಲ್ಲ. ಬಿಚ್ಚಿದ ಬೋಲ್ಟುಗಳನ್ನು ಜಾಗದ ಹೆಸರು ಬರೆದ ಪ್ಲಾಸ್ಟಿಕ್ ಕೊಟ್ಟೆಗಳಲ್ಲಿ ಹಾಕಿ. ಹಳೇ ಬೋಲ್ಟು ಮತ್ತೆ ಬಳಸುವುದಕ್ಕಲ್ಲ, ಅಳತೆಗೆ.

ಹಗ್ಗ ಕಟ್ಟುವ ಕೊಂಡಿ, ಅಂಚಿನ ರಬ್ಬರ್ ಪಟ್ಟಿ, ಆಸನ, ನೆಲ ಎಲ್ಲವನ್ನೂ ತೆಗೆಯಿರಿ. ಒಂದೊಂದು ಸ್ಕ್ರೂ ಕಿತ್ತಾಗಲೂ ತೂತಿನೊಳಗೆ ನೋಡಿ. ನನ್ನ ದೋಣಿಯಲ್ಲಿ ಆಸನದ ಕಾಲಿನ ನಾಲ್ಕು ತೂತುಗಳಿಂದ ಕಾಫಿ ಬಣ್ಣದ ನೀರು ಜಿನುಗಿತು. ಆರು ವರ್ಷದ ಮಳೆ ನೀರು.

ನೆಲದಡಿಯ ಹಳದಿ ಫೋಮು ಹೊಸದರಲ್ಲಿ ಹತ್ತಿಯಂತೆ ಹಗುರ. ನೀರು ಕುಡಿದ ಫೋಮನ್ನು ಒಣಗಿಸುತ್ತೇನೆ ಎನ್ನುವುದು ಹುಸಿ ಆಸೆ, ಕೆತ್ತಿ ಬಿಸಾಡಬೇಕು. ನಾನು ಸಲಿಕೆಯಲ್ಲಿ ಎಬ್ಬಿಸಿದ ಮೊದಲ ಗಟ್ಟಿಯನ್ನು ಹಿಂಡಿದಾಗ ಒದ್ದೆ ಬಟ್ಟೆ ಹಿಂಡಿದಷ್ಟು ನೀರು ಬಂತು. ಅದೆಲ್ಲ ಹೋದ ಮೇಲೆ ಎಂಟು ಜನ ಹೊತ್ತು ತಂದ ದೋಣಿಯನ್ನು ಐದು ಜನ ಎತ್ತಿದೆವು.

ಆಮೇಲೆ ಸೋಪು ನೀರಿನಲ್ಲಿ ತೊಳೆದು, ಡ್ರೈನ್ ಪ್ಲಗ್ (ನೀರು ಹೊರಬಿಡುವ ತೂತಿನ ಬಿರಡೆ) ತೆಗೆದು, ಮೂತಿಯನ್ನು ಎತ್ತರಿಸಿ ಬಿಡಿ. ಹೊರಗಿನ ಗಾಳಿ ಒಣಗಿದ್ದರೂ ಪದರದೊಳಗಿನ ನೀರು ನಿಧಾನಕ್ಕೆ ಬರುತ್ತದೆ. ಒಣಗಿದೆಯೋ ಇಲ್ಲವೋ ಎಂದು ತಿಳಿಯಲು ಯಾವ ಯಂತ್ರವೂ ಬೇಡ. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಸಂಶಯದ ಜಾಗದ ಮೇಲಿಟ್ಟು ನಾಲ್ಕೂ ಅಂಚಿಗೆ ಟೇಪು ಬಿಗಿದು ಒಂದು ಹಗಲು, ಒಂದು ರಾತ್ರಿ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕೂತಿದ್ದರೆ ಇನ್ನೂ ಕಾಯಬೇಕು. ನಾನು ಐದು ವಾರ ಕಾದೆ. ಇಡೀ ಕೆಲಸದಲ್ಲಿ ಅತಿ ಕಷ್ಟದ ಭಾಗ ಅದೇ, ಏಕೆಂದರೆ ಮಾಡಲು ಏನೂ ಇರುವುದಿಲ್ಲ.

ರೆಸಿನ್ನಿನ ಸ್ವಭಾವ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಪಾಲಿಯೆಸ್ಟರ್ ರೆಸಿನ್ ಕೊಂಡರೆ ಜೊತೆಗೆ ಎರಡು ಬಾಟಲಿ ಕೊಡುತ್ತಾರೆ. ನೇರಳೆ ಬಣ್ಣದ್ದು ಕೋಬಾಲ್ಟ್, ಅಂಗಡಿಯಲ್ಲಿ ಎಕ್ಸಲರೇಟರ್ ಅನ್ನುತ್ತಾರೆ. ನೀರಿನಂತೆ ಇರುವುದು ಎಂಇಕೆಪಿ, ಅದಕ್ಕೆ ಕ್ಯಾಟಲಿಸ್ಟ್ ಅಥವಾ ಹಾರ್ಡ್ನರ್ ಅನ್ನುತ್ತಾರೆ. ಈ ಎರಡನ್ನು ನೇರವಾಗಿ ಒಂದಕ್ಕೊಂದು ಯಾವತ್ತೂ ಸೇರಿಸಬಾರದು. ಸೇರಿದರೆ ಬೆಂಕಿ ಏಳಬಹುದು, ಸ್ಫೋಟವೂ ಆಗಬಹುದು. ಒಂದೇ ಚಮಚ, ಒಂದೇ ಸಿರಿಂಜನ್ನು ಎರಡಕ್ಕೂ ಅದ್ದಬೇಡಿ, ಒಂದೇ ಕಪಾಟಿನಲ್ಲಿ ಇಡಬೇಡಿ. ಮೊದಲು ಕೋಬಾಲ್ಟನ್ನು ಡಬ್ಬಿಯ ಮೇಲೆ ಹೇಳಿದ ಅಳತೆಯಲ್ಲಿ ರೆಸಿನ್ನಿಗೆ ಹಾಕಿ ಪೂರ್ತಿ ಕಲಸಿ, ಕ್ಯಾಟಲಿಸ್ಟು ಆಮೇಲೆ. ಹೊಸಬರಾದರೆ ಕೋಬಾಲ್ಟ್ ಮೊದಲೇ ಬೆರೆಸಿದ ರೆಸಿನ್ನನ್ನೇ ಕೇಳಿ ತನ್ನಿ, ಅಪಾಯವೇ ತಪ್ಪಿತು. ಕ್ಯಾಟಲಿಸ್ಟ್ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ತಕ್ಷಣ ಹರಿಯುವ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆದು ಸೀದಾ ಆಸ್ಪತ್ರೆಗೆ ಹೋಗಬೇಕು. ಕೆಲಸದ ಜಾಗದಲ್ಲಿ ಒಂದು ಕೊಡ ಶುದ್ಧ ನೀರು ಮೊದಲೇ ಇಟ್ಟಿರಿ.

ಕ್ಯಾಟಲಿಸ್ಟಿನ ಅಳತೆ ರೆಸಿನ್ ತೂಕದ 1ರಿಂದ 2%. ನಮ್ಮ ಮಾರ್ಚ್ ತಿಂಗಳ ಬಿಸಿಲಿಗೆ 1% ಧಾರಾಳ. ಅರ್ಧ ಕಿಲೋ ರೆಸಿನ್ನಿಗೆ 1% ಅಂದರೆ 5 ಗ್ರಾಂ, ಸೂಜಿ ತೆಗೆದ ಸಿರಿಂಜಿನಲ್ಲಿ ಹೆಚ್ಚುಕಡಿಮೆ 5 ಎಂಎಲ್. ಬೇಗ ಗಟ್ಟಿಯಾಗಲಿ ಎಂದು ಜಾಸ್ತಿ ಹಾಕಿದರೆ ಬಿಸಿಯೇರಿ ಒಡೆಯುತ್ತದೆ. ತೀರ ಕಡಿಮೆಯಾದರೆ ಎಷ್ಟು ದಿನವಾದರೂ ಪೂರ್ತಿ ಗಟ್ಟಿಯಾಗುವುದಿಲ್ಲ.

ನನ್ನ ಮೊದಲ ಪಾಠ ಒಂದು ಐಸ್‌ಕ್ರೀಮ್ ಡಬ್ಬಿಯಲ್ಲಿ ಆಯಿತು. ಒಂದೂವರೆ ಕಿಲೋ ರೆಸಿನ್ ಒಟ್ಟಿಗೇ ಕಲಸಿ, ಮ್ಯಾಟ್ (ಗಾಜಿನ ನಾರಿನ ಹಾಸು) ಕತ್ತರಿಸುತ್ತಾ ಕೂತೆ. ಹತ್ತು ನಿಮಿಷಕ್ಕೆ ಡಬ್ಬಿಯ ತಳ ಮೆತ್ತಗಾಗಿ ಸೊಟ್ಟಗಾಯಿತು, ಒಳಗಿನ ರೆಸಿನ್ ಹಲ್ವದಂತೆ ಗಟ್ಟಿಯಾಗಿ ಹೊಗೆಯಾಡಿತು. ರೆಸಿನ್ ಗಟ್ಟಿಯಾಗುವಾಗ ತಾನೇ ಬಿಸಿಯಾಗುತ್ತದೆ, ಒಂದೇ ಕಡೆ ಗುಡ್ಡೆಯಾಗಿದ್ದಷ್ಟೂ ಬಿಸಿ ಜಾಸ್ತಿ. ಅರ್ಧ ಕಿಲೋಗಿಂತ ಹೆಚ್ಚು ಒಮ್ಮೆಗೆ ಕಲಸಬೇಡಿ, ಅಗಲ ತಟ್ಟೆಯಲ್ಲಿ ಕಲಸಿ, ಮ್ಯಾಟ್ ಮೊದಲೇ ಕತ್ತರಿಸಿ ಸಾಲಾಗಿ ಇಟ್ಟುಕೊಂಡಿರಿ. ಉಳಿದ ರೆಸಿನ್ನನ್ನು ಕಸದ ಬುಟ್ಟಿಗೆ ಹಾಕದೆ ಬಯಲಲ್ಲಿ ನೀರು ತುಂಬಿದ ಬಕೆಟ್ಟಿಗೆ ಬಿಡಿ.

ಎಪಾಕ್ಸಿ ಬೇರೆ ಜಾತಿಯ ರೆಸಿನ್. ಅದರ ಎರಡು ಭಾಗಗಳ ಪ್ರಮಾಣ ಕಂಪನಿ ಹೇಳಿದಷ್ಟೇ, ಹವೆ ನೋಡಿ ಹೆಚ್ಚುಕಡಿಮೆ ಮಾಡುವಂತಿಲ್ಲ. ಬೆಲೆ ಜಾಸ್ತಿ, ಆದರೆ ಮರಕ್ಕೂ ಹಳೇ ಫೈಬರಿಗೂ ಅದು ಕಚ್ಚುವ ಹಾಗೆ ಪಾಲಿಯೆಸ್ಟರ್ ಕಚ್ಚುವುದಿಲ್ಲ. ಪಾಲಿಯೆಸ್ಟರ್ ಮೇಲೆ ಎಪಾಕ್ಸಿ ಕೂರುತ್ತದೆ, ಎಪಾಕ್ಸಿ ಮೇಲೆ ಪಾಲಿಯೆಸ್ಟರ್ ನೆಚ್ಚಿಕೆಯಿಂದ ಕೂರುವುದಿಲ್ಲ. ಮಾಮೂಲಿ ಬಿಡಿನಾರಿನ ಮ್ಯಾಟನ್ನು ಎಪಾಕ್ಸಿ ಜೊತೆ ಬಳಸಬೇಡಿ: ನಾರುಗಳನ್ನು ಹಿಡಿದಿಟ್ಟ ಅಂಟು ಕರಗುವುದು ಪಾಲಿಯೆಸ್ಟರಿನಲ್ಲಿರುವ ಸ್ಟೈರೀನಿನಿಂದ, ಎಪಾಕ್ಸಿಯಲ್ಲಿ ಅದಿಲ್ಲ. ಎಪಾಕ್ಸಿಗೆ ನೇಯ್ದ ಗಾಜಿನ ಬಟ್ಟೆ. ನಾನು ಮಾಡಿಕೊಂಡ ನಿಯಮ ಇಷ್ಟು: ಮರ ಇರುವ ಕಡೆ ಆರಂಭದಿಂದ ಕೊನೆತನಕ ಎಪಾಕ್ಸಿ. ಬರೀ ಫೈಬರ್ ಇರುವ, ಮೇಲೆ ಜೆಲ್‌ಕೋಟ್ ಬರಬೇಕಾದ ಕಡೆ ಪಾಲಿಯೆಸ್ಟರ್. ನೀರಿನ ಮಟ್ಟಕ್ಕಿಂತ ಕೆಳಗೆ ಸಾದಾ ರೆಸಿನ್ ಬದಲು ಐಸೋ ರೆಸಿನ್ ಕೇಳಿ ತನ್ನಿ, ನೀರಿಗೆ ಹೆಚ್ಚು ತಾಳುತ್ತದೆ.

ತೂತು, ಬಿರುಕು

ತೂತಿಗೆ ಮೇಲಿಂದ ಪುಟ್ಟಿ ಮೆತ್ತುವುದು ಹರಿದ ಪಂಚೆಗೆ ಕಾಗದ ಅಂಟಿಸಿದ ಹಾಗೆ. ಹಳೇ ಪದರಕ್ಕೆ ಹೊಸ ಪದರ ಹಿಡಿಯುವುದು ಅಂಚಿನಲ್ಲಲ್ಲ, ಇಳಿಜಾರಿನಲ್ಲಿ. ಲೆಕ್ಕ 12ಕ್ಕೆ 1. ನಿಮ್ಮ ದೋಣಿಯ ಗೋಡೆ 5 ಮಿಮೀ ದಪ್ಪ ಇದ್ದರೆ ತೂತಿನ ಸುತ್ತ 60 ಮಿಮೀ ಅಗಲಕ್ಕೆ ಇಳಿಜಾರಾಗಿ ಗ್ರೈಂಡ್ ಮಾಡಬೇಕು. ಅಂದರೆ 10 ಸೆಂಮೀ ತೂತಿಗೆ 22 ಸೆಂಮೀ ಅಗಲದ ಬಟ್ಟಲು. ಮೊದಲ ಸಲ ಇದನ್ನು ನೋಡಿದಾಗ ಚಿಕ್ಕ ಗಾಯವನ್ನು ದೊಡ್ಡದು ಮಾಡುತ್ತಿದ್ದೇನಲ್ಲ ಎಂದು ಎದೆ ಡವಡವ ಅನ್ನುತ್ತದೆ. ಮಾಡಿ, ಅಡ್ಡಿಯಿಲ್ಲ.

ಗ್ರೈಂಡ್ ಮಾಡುವ ಮೊದಲೇ ಅಸಿಟೋನ್ ಅದ್ದಿದ ಬಟ್ಟೆಯಿಂದ ಒರೆಸಿ. ಒಂದು ಬಟ್ಟೆಯಲ್ಲಿ ಒರೆಸಿ ಇನ್ನೊಂದು ಒಣಬಟ್ಟೆಯಲ್ಲಿ ತೆಗೆಯಬೇಕು, ಒರೆಸಿದ್ದನ್ನೇ ಮತ್ತೆ ಬಳಿಯಬಾರದು. ಹಳೇ ಮೇಣ, ಎಣ್ಣೆ ಇದ್ದಾಗಲೇ ಉಜ್ಜಿದರೆ ಅದು ಗೀರುಗಳೊಳಗೆ ಸೇರಿಕೊಂಡು ಹೊಸ ಪದರ ಸಿಪ್ಪೆಯಂತೆ ಏಳುತ್ತದೆ. ಆಮೇಲೆ 36 ಅಥವಾ 40 ನಂಬರಿನ ಡಿಸ್ಕ್.

ಒಳಗಿನಿಂದ ಕೈ ಹೋಗುವಂತಿದ್ದರೆ ಇಳಿಜಾರನ್ನು ಒಳಗೇ ಮಾಡಿ. ಹೊರಗಿನಿಂದ ಒಂದು ಸನ್‌ಮೈಕ ತುಂಡಿನ ನುಣುಪು ಮುಖಕ್ಕೆ ಮೇಣ ನಾಲ್ಕು ಸಲ ಉಜ್ಜಿ, ತೂತಿಗೆ ಒತ್ತಿ ಟೇಪು ಹಾಕಿ. ದೋಣಿಯ ಬಾಗಿಗೆ ಸನ್‌ಮೈಕ ತಾನೇ ಬಾಗುತ್ತದೆ. ಒಳಗಿನಿಂದ ಆ ಸನ್‌ಮೈಕದ ಮೇಲೆ ಮಾತ್ರ, ಇಳಿಜಾರಿಗೆ ತಾಗದಂತೆ, ಜೆಲ್‌ಕೋಟ್ ಬಳಿಯಿರಿ. ಬೆರಳಿಟ್ಟರೆ ಅಂಟಂಟಾಗಿ, ಆದರೆ ಬೆರಳಿಗೆ ಬಾರದ ಹದಕ್ಕೆ ಬಂದಾಗ ಮ್ಯಾಟ್ ಶುರುಮಾಡಿ. ಕೊನೆಗೆ ಸನ್‌ಮೈಕ ತೆಗೆದಾಗ ಹೊರಮೈ ಅಚ್ಚಿನಿಂದ ತೆಗೆದಂತೆ ಬಂದಿರುತ್ತದೆ. ಆ ಕ್ಷಣಕ್ಕಾಗಿಯೇ ಇನ್ನೊಂದು ತೂತು ಇದ್ದಿದ್ದರೆ ಅನ್ನಿಸುತ್ತದೆ.

450 ಜಿಎಸ್‌ಎಂ (ಚದರ ಮೀಟರಿಗೆ 450 ಗ್ರಾಂ) ಮ್ಯಾಟಿನ ಒಂದು ಪದರ ಸುಮಾರು 1 ಮಿಮೀ ದಪ್ಪ ಕೊಡುತ್ತದೆ. 5 ಮಿಮೀ ಗೋಡೆಗೆ ಐದು ಪದರ. ದೊಡ್ಡ ತುಂಡು ಮೊದಲು, ಅದರ ಮೇಲೆ ಒಂದೊಂದೇ ಚಿಕ್ಕದು: ಹೊಸ ಮ್ಯಾಟ್ ಇಡಿಯಾಗಿ ಹಳೇ ಮೈಗೆ ತಾಗಲಿ ಎಂದು ನಾನು ಹೀಗೆ ಮಾಡುತ್ತೇನೆ. ಚಿಕ್ಕದರಿಂದ ಶುರುಮಾಡುವವರೂ ಇದ್ದಾರೆ. ರೆಸಿನ್ ಲೆಕ್ಕ ಮ್ಯಾಟಿನ ತೂಕದ ಎರಡರಿಂದ ಎರಡೂವರೆ ಪಟ್ಟು, ಅಂದರೆ ಒಂದು ಚದರ ಮೀಟರ್ ಮ್ಯಾಟಿಗೆ ಸುಮಾರು 1 ಕಿಲೋ. ಮೊದಲು ಜಾಗಕ್ಕೆ ರೆಸಿನ್ ಬಳಿದು, ಮ್ಯಾಟ್ ಇಟ್ಟು, ಬ್ರಶ್ಶಿನಿಂದ ಚುಚ್ಚುತ್ತಾ ಹೋಗಿ. ಎಳೆಯಬೇಡಿ, ನಾರು ಕಿತ್ತು ಬರುತ್ತದೆ. ಬಿಳಿ ಮ್ಯಾಟ್ ಕ್ರಮೇಣ ಪಾರದರ್ಶಕವಾಗುತ್ತದೆ. ಬಿಳಿ ಉಳಿದಲ್ಲಿ ಒಳಗೆ ಗಾಳಿ ಇದೆ, ಕಬ್ಬಿಣದ ಬಳೆಬಳೆ ರೋಲರಿನಿಂದ ಅದನ್ನು ಅಂಚಿಗೆ ಓಡಿಸಿ. ಮೂರು ಪದರ ಆದ ಮೇಲೆ ನಿಲ್ಲಿಸಿ, ಬಿಸಿ ಇಳಿದ ಮೇಲೆ ಉಳಿದದ್ದು.

ಜೆಲ್‌ಕೋಟಿನ ಬರೀ ಮೇಲ್ಪದರದ ಬಿರುಕಾದರೆ ಚೂಪು ಕೆತ್ತುಳಿಯಿಂದ ಅದನ್ನು ವಿ ಆಕಾರಕ್ಕೆ ಅಗಲಿಸಿ, ಜೆಲ್‌ಕೋಟ್ ತುಂಬಿ, ಮೇಲೆ ಪ್ಲಾಸ್ಟಿಕ್ ಹಾಳೆ ಒತ್ತಿ. ಗಾಳಿ ತಾಗಿದರೆ ಜೆಲ್‌ಕೋಟಿನ ಮೇಲ್ಮೈ ಅಂಟಂಟಾಗಿಯೇ ಉಳಿಯುತ್ತದೆ.

ಹಿಂಗೋಡೆ: ನಿಜವಾದ ಕೆಲಸ

ಒಳಬದಿಯ ಫೈಬರ್ ಹಾಳೆಯನ್ನು ಸುತ್ತ 5 ಸೆಂಮೀ ಅಂಚು ಬಿಟ್ಟು ಗ್ರೈಂಡರಿನಿಂದ ಕತ್ತರಿಸಿ ತೆಗೆದೆ. ಒಳಗೆ ಪ್ಲೈವುಡ್ ಇರಬೇಕಾದಲ್ಲಿ ಕೆಳಗಿನ ಅರ್ಧ ನೆನೆದ ಅವಲಕ್ಕಿಯ ಹಾಗಿತ್ತು, ಕೈಯಲ್ಲೇ ಬಾಚಿದೆ. ಮೇಲಿನ ಮೂಲೆಯಲ್ಲಿ ಮಾತ್ರ ಒಂದು ತುಂಡು ಉಳಿಗೂ ಬಗ್ಗಲಿಲ್ಲ. ಕೊಳೆತದ್ದಷ್ಟೇ ತೆಗೆದು ಗಟ್ಟಿ ಇದ್ದದ್ದನ್ನು ಬಿಡೋಣ ಎನ್ನುವ ಆಸೆ ಇಲ್ಲೇ ಹುಟ್ಟುತ್ತದೆ. ಬಿಡಬೇಡಿ. ಗಟ್ಟಿಯಾಗಿ ಕಾಣುವ ಆ ಮರದೊಳಗೂ ತೇವ ಇರುತ್ತದೆ.

ಪೂರ್ತಿ ತೆಗೆದು ಹೊರ ಹಾಳೆಯ ಒಳಮೈಯನ್ನು ಒರಟಾಗಿ ಉಜ್ಜಿ ಒಣಗಿಸಿ. ರಟ್ಟಿನಲ್ಲಿ ಅಚ್ಚು ಕತ್ತರಿಸಿ ಕೂರಿಸಿ ನೋಡಿ, ಆಮೇಲೆ ಪ್ಲೈವುಡ್. ಪ್ಲೈವುಡ್ ಮೇಲೆ ಐಎಸ್ 710 ಎಂಬ ಗುರುತು ಇರಲಿ, ಅದು ಮೆರೀನ್ ಪ್ಲೈ. ಐಎಸ್ 303 ಬರೆದದ್ದನ್ನು 'ವಾಟರ್‌ಪ್ರೂಫೇ ಸಾರ್' ಎಂದು ಕೊಡುತ್ತಾರೆ, ಅದು ಅಡುಗೆಮನೆ ಕಪಾಟಿಗೆ ಸರಿ. 18 ಮಿಮೀಯ ಎರಡು ಹಲಗೆಗಳನ್ನು ಎಪಾಕ್ಸಿಯಲ್ಲಿ ಅಂಟಿಸಿದರೆ 36 ಮಿಮೀ. ಹಳೇ ದಪ್ಪ ಎಷ್ಟಿತ್ತೋ ಅಷ್ಟೇ ಬರಬೇಕು, ಎಂಜಿನ್ನಿನ ಕ್ಲಾಂಪ್ ಕೂರಬೇಕಲ್ಲ.

ಹಲಗೆಯ ಅಂಚುಗಳಿಗೆ ಎಪಾಕ್ಸಿ ಎರಡು ಮೂರು ಸಲ ಬಳಿಯಿರಿ. ಪ್ಲೈವುಡ್ ನೀರು ಕುಡಿಯುವುದು ಮುಖದಿಂದಲ್ಲ, ಅಂಚಿನಿಂದ. ಹೊರ ಹಾಳೆಗೆ ಗಟ್ಟಿ ಮಾಡಿದ ಎಪಾಕ್ಸಿಯನ್ನು (ಸಿಲಿಕಾ ಪುಡಿ ಕಲಸಿ ಚಟ್ನಿಯ ಹದಕ್ಕೆ ತಂದದ್ದು) ಹಲ್ಲುಕರಣೆಯಿಂದ ಬಳಿದು, ಹಲಗೆ ಒತ್ತಿ, ಹಳೇ ಬೋಲ್ಟ್ ತೂತುಗಳಲ್ಲೇ ಮೇಣ ಹಚ್ಚಿದ ಬೋಲ್ಟು ಹಾಕಿ ಬಿಗಿಯಿರಿ. ಎಲ್ಲ ಅಂಚಿನಿಂದಲೂ ಅಂಟು ಹೊರಗೆ ಉಕ್ಕಬೇಕು. ಉಕ್ಕದ ಕಡೆ ಟೊಳ್ಳಿದೆ. ಹಾಗಂತ ಪ್ರಾಣಬಿಟ್ಟು ಬಿಗಿದರೆ ಅಂಟೆಲ್ಲ ಹೊರಬಂದು ಒಳಗೆ ಬರಿದಾಗುತ್ತದೆ.

ಮೂಲೆಗಳಲ್ಲಿ ಅದೇ ಚಟ್ನಿಯಿಂದ ಹೆಬ್ಬೆರಳಿನ ದಪ್ಪಕ್ಕೆ ಉರುಟು ಮಾಡಿ. ಗಾಜಿನ ಬಟ್ಟೆ ಚೌಕ ಮೂಲೆಗೆ ಬಗ್ಗುವುದಿಲ್ಲ. ಅದರ ಮೇಲೆ ಬಟ್ಟೆಯ ಪಟ್ಟಿಗಳು, ಮೊದಲು 10 ಸೆಂಮೀ, ಮೇಲೆ 15, ಮೇಲೆ 20. ಗಟ್ಟಿಯಾದ ಎಪಾಕ್ಸಿ ಮೇಲೆ ಕೆಲವೊಮ್ಮೆ ಮೇಣದಂಥ ಜಿಡ್ಡು ಕೂರುತ್ತದೆ. ಮುಂದಿನ ಪದರಕ್ಕೆ ಮೊದಲು ಅದನ್ನು ಸಾದಾ ನೀರು ಮತ್ತು ಪಾತ್ರೆ ಉಜ್ಜುವ ನಾರಿನಿಂದ ತೊಳೆದು, ಒಣಗಿಸಿ, ಉಜ್ಜಿ.

ಎಂಜಿನ್ ಬೋಲ್ಟಿಗೆ ತೂತು ಕೊರೆಯುವುದಕ್ಕೊಂದು ಕ್ರಮ ಇದೆ. 10 ಮಿಮೀ ಬೋಲ್ಟಿಗೆ 16 ಮಿಮೀ ತೂತು ಕೊರೆದು, ಗಟ್ಟಿ ಎಪಾಕ್ಸಿಯಿಂದ ಪೂರ್ತಿ ತುಂಬಿ, ಗಟ್ಟಿಯಾದ ಮೇಲೆ ನಡುವೆ 10 ಮಿಮೀ ತೂತು. ಈಗ ಬೋಲ್ಟಿನ ಸುತ್ತ ಇರುವುದು ಮರವಲ್ಲ, 3 ಮಿಮೀ ಎಪಾಕ್ಸಿ ಕೊಳವೆ. ಮುಂದೆಂದಾದರೂ ಸೀಲೆಂಟ್ (ಸಂದು ಮುಚ್ಚುವ ಅಂಟು) ಸೋತರೂ ನೀರಿಗೆ ಮರ ಸಿಗುವುದಿಲ್ಲ. ಮರ ಇರುವ ಕಡೆಯ ಪ್ರತಿ ಸ್ಕ್ರೂ ತೂತಿಗೂ ಹೀಗೆಯೇ, ಚಿಕ್ಕದಿರಲಿ ದೊಡ್ಡದಿರಲಿ. ಕೈ ನೋಯುವ, ಬೇಸರ ಬರುವ ಕೆಲಸ ಇದು.

ನೆಲ, ಫೋಮು

ನೆಲದಡಿಯ ಉದ್ದುದ್ದ ತೊಲೆಗಳನ್ನೂ ತಟ್ಟಿ ನೋಡಿ, ಕೊಳೆತಿದ್ದರೆ ಹಿಂಗೋಡೆಯ ವಿಧಾನವೇ. ಎಲ್ಲ ತೊಲೆಗಳನ್ನೂ ಒಟ್ಟಿಗೇ ಕೀಳದೆ ಒಂದೊಂದಾಗಿ ಬದಲಿಸಿ, ಇಲ್ಲವಾದರೆ ದೋಣಿಯ ಆಕಾರ ಸಡಿಲುತ್ತದೆ. ಅಡ್ಡ ತೊಲೆಗಳ ಬುಡದಲ್ಲಿ ನೀರು ಹಿಂದಕ್ಕೆ ಹರಿಯಲು ಬೆರಳು ಹೋಗುವಷ್ಟು ಕಂಡಿ ಇರಲೇಬೇಕು. ನೆಲ ಮುಚ್ಚುವ ಮುನ್ನ ಒಳಗೆ ನಾಲ್ಕು ಬೆರಳು ನೀರು ನಿಲ್ಲಿಸಿ, ಹೊರಗಿನಿಂದ ಒಣ ಬಟ್ಟೆಯಲ್ಲಿ ಒರೆಸುತ್ತಾ ಎಲ್ಲಾದರೂ ಜಿನುಗುತ್ತದೆಯೇ ನೋಡಿ. ಹೊಳೆಗಿಂತ ಅಂಗಳದಲ್ಲಿ ಗೊತ್ತಾಗುವುದು ಮೇಲು.

ಹಳೇ ಫೋಮು ಕಿತ್ತವರು ಹೊಸದು ಹಾಕದೆ ಬಿಡುವುದುಂಟು, 'ದೋಣಿ ಹೇಗೂ ತೇಲುತ್ತದಲ್ಲ' ಎಂದು. ಫೈಬರ್ ನೀರಿಗಿಂತ ಭಾರ, ನೀರು ತುಂಬಿದರೆ ಮುಳುಗುತ್ತದೆ. ಲೆಕ್ಕ ಹಾಕೋಣ: 200 ಕಿಲೋ ಫೈಬರ್ ನೀರೊಳಗೆ ಸುಮಾರು 65 ಕಿಲೋ ತೂಗುತ್ತದೆ, ಎಂಜಿನ್ನು 40 ಕಿಲೋ ಇದ್ದೀತು. 100 ಲೀಟರ್ ಜಾಗದ ಫೋಮು ಎತ್ತಿಹಿಡಿಯುವುದು ಸುಮಾರು 95 ಕಿಲೋ. ಮುಳುಗಿದ ದೋಣಿಯನ್ನು ಹಿಡಿದು ತೇಲಬೇಕಾದ ಜನರನ್ನೂ ಸೇರಿಸಿದರೆ 200 ಲೀಟರಿಗಿಂತ ಕಡಿಮೆ ಬೇಡ. ಅದರಲ್ಲಿ ಒಂದಷ್ಟು ಎರಡೂ ಪಕ್ಕದ ಆಸನದಡಿ ಇರಲಿ, ಬರೀ ತಳದಲ್ಲೇ ಇದ್ದರೆ ನೀರು ತುಂಬಿದ ದೋಣಿ ಮಗುಚಿಕೊಳ್ಳುತ್ತದೆ. ಥರ್ಮಾಕೋಲ್ ಬೇಡ: ಪಾಲಿಯೆಸ್ಟರ್ ರೆಸಿನ್ ತಾಗಿದರೂ ಪೆಟ್ರೋಲ್ ತಾಗಿದರೂ ಅದು ಕಣ್ಣೆದುರೇ ಕರಗಿ ಹೋಗುತ್ತದೆ.

ಈಗ ಬಣ್ಣ

ಜೆಲ್‌ಕೋಟ್ ಬರೀ ಮಂಕಾಗಿ ಸುಣ್ಣ ಬಿಡುತ್ತಿದ್ದರೆ ಬಣ್ಣವೇ ಬೇಡ. ನೀರು ಹಾಕಿಕೊಂಡು 600, 800, 1000 ನಂಬರಿನ ವಾಟರ್ ಪೇಪರ್, ಆಮೇಲೆ ರಬ್ಬಿಂಗ್ ಕಾಂಪೌಂಡ್, ಕೊನೆಗೆ ಮೇಣ. ನನ್ನದರ ಒಂದು ಪಕ್ಕ ಹಾಗೆಯೇ ಎದ್ದು ಬಂತು. ಇನ್ನೊಂದು ಪಕ್ಕ ಬಿಸಿಲಿಗೆ ಸಾಯುವಷ್ಟು ಬೆಂದಿತ್ತು.

ಬಣ್ಣ ಹೊಡೆಯುವುದಾದರೆ ಎರಡು ಡಬ್ಬಿ ಬೆರೆಸಿ ಬಳಸುವ ಎಪಾಕ್ಸಿ ಪ್ರೈಮರ್, ಅದರ ಮೇಲೆ ಹಾಗೆಯೇ ಎರಡು ಡಬ್ಬಿ ಬೆರೆಸುವ ಪಾಲಿಯುರೆಥೇನ್ ಬಣ್ಣ. ಸ್ಪ್ರೇ ಮಾಡಬೇಡಿ. ಪಾಲಿಯುರೆಥೇನಿನ ಹಾರ್ಡ್ನರಿನಲ್ಲಿರುವ ಐಸೋಸೈನೇಟ್ ಮಂಜಾಗಿ ಶ್ವಾಸಕೋಶಕ್ಕೆ ಹೋದರೆ ಆಸ್ತಮಾ ತರಬಲ್ಲದು, ಮನೆಯಲ್ಲಿಡುವ ಮಾಸ್ಕ್ ಅದಕ್ಕೆ ಸಾಲದು. ಒಬ್ಬರು ಚಿಕ್ಕ ಸ್ಪಂಜ್ ರೋಲರಿನಿಂದ ಬಳಿಯುತ್ತಾ ಹೋಗಲಿ, ಹಿಂದಿನಿಂದ ಇನ್ನೊಬ್ಬರು ಮೆತ್ತನೆ ಬ್ರಶ್ಶಿನ ತುದಿ ಸವರುತ್ತಾ ಬರಲಿ. ರೋಲರಿನ ಗುಳ್ಳೆಗಳು ಒಡೆದು ಮೈ ನುಣುಪಾಗುತ್ತದೆ. ಬೆಳಿಗ್ಗೆ ಇಬ್ಬನಿ ಪೂರ್ತಿ ಆರಿದ ಮೇಲೆ ಶುರುಮಾಡಿ ಮಧ್ಯಾಹ್ನ ಮೂರಕ್ಕೆ ನಿಲ್ಲಿಸಿ. ಸಂಜೆಯ ತೇವ ಕೂತರೆ ಹೊಳಪು ಹೋಗಿ ಹಾಲು ಚೆಲ್ಲಿದಂತೆ ಬಿಳಿಚುತ್ತದೆ.

ದೋಣಿಯನ್ನು ನೀರಲ್ಲೇ ಬಿಡುವವರಿಗೆ ತಳಕ್ಕೆ ಚಿಪ್ಪು ಕಚ್ಚದ ಬಣ್ಣ ಬೇರೆ ಬೇಕು. ಪ್ರತಿ ಸಲ ದಡಕ್ಕೆ ಎಳೆಯುವವರಿಗೆ ಅದು ದಂಡದ ಖರ್ಚು.

ಬೋಲ್ಟು, ವಯರು, ಎಂಜಿನ್ನು

ಉಪ್ಪುನೀರಿಗೆ 316 ದರ್ಜೆಯ ಸ್ಟೇನ್‌ಲೆಸ್. 304 ಅಗ್ಗ, ಕೆಲವು ತಿಂಗಳಲ್ಲಿ ಕಂದು ಕಣ್ಣೀರು ಸುರಿಸುತ್ತದೆ. ಪ್ರತಿ ಬೋಲ್ಟಿನ ತೂತಿನ ಬಾಯನ್ನು ಸ್ವಲ್ಪ ಅಗಲಿಸಿ, ಸೀಲೆಂಟಿಗೆ ಕೂರಲು ಜಾಗ ಬೇಕು. ಬಾತ್‌ರೂಮಿನ ಸಿಲಿಕಾನ್ ಹಚ್ಚಬೇಡಿ, ಆಮೇಲೆ ಅಲ್ಲಿ ಯಾವ ಬಣ್ಣವೂ ಹಿಡಿಯುವುದಿಲ್ಲ. ಪಾಲಿಯುರೆಥೇನ್ ಸೀಲೆಂಟ್ ಸರಿ. ಹಗ್ಗ ಕಟ್ಟುವ ಕೊಂಡಿಗಳ ಹಿಂದೆ ಅಗಲ ಲೋಹದ ಪಟ್ಟಿ ಕೊಡಿ.

ವಯರು ತವರ ಲೇಪಿಸಿದ ತಾಮ್ರದ್ದಾಗಲಿ, ಮನೆಯ ವಯರಲ್ಲ. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಬೇಕು.

ಎಂಜಿನ್ ಬಗ್ಗೆ ಬೇರೆಯೇ ಬರೆಯಬೇಕು. ಇಲ್ಲಿ ಅತಿ ಅಗತ್ಯವಾದಷ್ಟು ಮಾತ್ರ. ಕೆಳಗಿನ ಗೇರ್ ಆಯಿಲ್ ಸ್ಕ್ರೂ ತೆಗೆದಾಗ ಎಣ್ಣೆ ಹಾಲುಚಹಾದಂತೆ ಬಂದರೆ ಸೀಲ್ ಹೋಗಿ ನೀರು ಸೇರಿದೆ. ನೀರೆತ್ತುವ ರಬ್ಬರ್ ಇಂಪೆಲ್ಲರ್ ನೋಡಲು ಚೆನ್ನಾಗಿದ್ದರೂ ಬದಲಿಸಿ, ವರ್ಷಗಟ್ಟಲೆ ನಿಂತ ರಬ್ಬರಿಗೆ ಜೀವ ಇರುವುದಿಲ್ಲ. ಹಳೇ ಪೆಟ್ರೋಲ್ ಪೈಪು, ಅದರ ನಡುವಿನ ಒತ್ತುವ ರಬ್ಬರ್ ಬಲ್ಬು ಎಲ್ಲ ಬದಲಿಸಿ: ಈಗ ಪಂಪಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20% ಎಥನಾಲ್ ಇದೆ, ಅದು ಹಳೇ ರಬ್ಬರನ್ನು ತಿನ್ನುತ್ತದೆ, ನಿಂತರೆ ನೀರನ್ನು ಎಳೆದುಕೊಳ್ಳುತ್ತದೆ. ಎಂಜಿನ್ನಿನ ಉದ್ದ ಮತ್ತು ಹಿಂಗೋಡೆಯ ಎತ್ತರ ಹೊಂದಬೇಕು, ಗಿಡ್ಡ ಶಾಫ್ಟಿಗೆ ಸುಮಾರು 15 ಇಂಚು, ಉದ್ದದ್ದಕ್ಕೆ 20. ಮೊದಲ ಸಲ ನೀರು ತುಂಬಿದ ಡ್ರಮ್ಮಿನಲ್ಲಿ ಓಡಿಸಿ, ಪಕ್ಕದ ಕಂಡಿಯಿಂದ ನೀರು ಧಾರೆಯಾಗಿ ಬರುತ್ತಿದೆಯೇ ನೋಡಿ. ಬರದಿದ್ದರೆ ಕೂಡಲೇ ನಿಲ್ಲಿಸಿ.

ನೀರಿಗೆ

ಮೊದಲ ದಿನ ದಡ ಬಿಟ್ಟು ದೂರ ಹೋಗಬೇಡಿ. ಲೈಫ್ ಜಾಕೆಟ್, ಒಂದು ಜೊತೆ ಹುಟ್ಟು, ನೀರು ಚೆಲ್ಲಲು ಬಕೆಟ್ ಒಳಗಿರಲಿ. ಮತ್ತೆ, ನಗಬೇಡಿ, ಡ್ರೈನ್ ಪ್ಲಗ್ ಹಾಕಿದ್ದೀರಾ ಎಂದು ಕೈಯಿಂದ ಮುಟ್ಟಿ ನೋಡಿ. ಹತ್ತು ನಿಮಿಷ ಸುಮ್ಮನೆ ತೇಲಲು ಬಿಟ್ಟು ಒಳಗೆ ನೋಡಿ. ಆಮೇಲೆ ನಿಧಾನಕ್ಕೆ ಎಂಜಿನ್, ಆಮೇಲೆ ವೇಗ. ದಡಕ್ಕೆ ಬಂದ ಮೇಲೆ ಎಂಜಿನ್ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿದು, ಸಿಹಿನೀರಿನಲ್ಲಿ ಎಂಜಿನ್ ತೊಳೆಯಿರಿ.

ನಾವು ಮೇ ಮೊದಲ ವಾರದಲ್ಲಿ ಇಳಿಸಿದೆವು. ಒಂದು ಗಂಟೆ ಹೊಳೆಯಲ್ಲಿ ಸುತ್ತಿ ಬಂದು ದೋಣಿ ಎಳೆದು ಪ್ಲಗ್ ತೆಗೆದರೆ ಒಂದು ಚೊಂಬಿನಷ್ಟು ನೀರು ಹೊರಬಂತು. ನನ್ನ ಮುಖ ಸಪ್ಪಗಾಯಿತು. ಅಣ್ಣ ಏನೂ ಹೇಳದೆ ಅಂಚಿನ ರಬ್ಬರ್ ಪಟ್ಟಿಯ ಉದ್ದಕ್ಕೂ ಬೆರಳಾಡಿಸುತ್ತಾ ಹೋದರು. ಮೂತಿಯ ಹತ್ತಿರ ನಿಂತರು. ಕೊನೆಯ ಸ್ಕ್ರೂ, ಕತ್ತಲಾಯಿತೆಂದು ಸೀಲೆಂಟ್ ಹಚ್ಚದೆ ನಾನು ತಿರುಗಿಸಿ ಬಿಟ್ಟದ್ದು. ಜೇಬಿನಿಂದ ಪೆನ್ಸಿಲ್ ತೆಗೆದು ಹೊಸ ಬಣ್ಣದ ಮೇಲೆ ಅದರ ಸುತ್ತ ಒಂದು ಉರುಟು ಬರೆದರು.